ಸುಳ್ಳು ಹೇಳದ ಮೆಷಿನ್ನು

ನಿವೃತ್ತ ಇಂಜಿನಿಯರ್ ಶ್ರೀಕಂಠಯ್ಯನವರು ಹೊಗೆ ಬಂದರೆ ಕೂಗುವ ಅಲಾರಂ ಒಂದನ್ನು ಮನೆಯ ಚಾವಣಿಗೆ ಹಾಕಿಸಿದ್ದರು. ಒಂದು ದಿನ ಅದು ನಿಮಿಷಕ್ಕೊಮ್ಮೆ ಕೀ ಕೀ ಎನ್ನತೊಡಗಿತು.

"ಸೆಲ್ ಮುಗಿದಿರಬೇಕು ಸಾಹೇಬ್ರೇ," ಅಂದಳು ಅಡುಗೆಯ ಪುಟ್ಟತಾಯಮ್ಮ.

"ನಾನು ಆರಿಸಿ ತಂದ ಮೆಷಿನ್ನು ಸುಳ್ಳು ಹೇಳಲ್ಲ. ಎಲ್ಲಾ ನಿನ್ನ ಒಗ್ಗರಣೆ ಹೊಗೆ. ನಾಳೆಯೂ ಕೂಗಿದರೆ ನೀನು ಬೇರೆ ಮನೆ ನೋಡ್ಕೋ."

ಮರುದಿನ ಪುಟ್ಟತಾಯಮ್ಮ ಒಲೆಯನ್ನೇ ಹಚ್ಚಲಿಲ್ಲ. ಮಧ್ಯಾಹ್ನ ತಟ್ಟೆಗೆ ಬಿದ್ದದ್ದು ನೆನೆಸಿದ ಅವಲಕ್ಕಿ, ಮೊಸರು. ಮೇಲಿನಿಂದ ಕೀ ಕೀ ಮಾತ್ರ ನಿಂತಿರಲಿಲ್ಲ.

ಅವಳು ಯಜಮಾನಿಯ ಕಡೆ ತಿರುಗಿದಳು. "ಒಲೆ ಹಚ್ಚಿಲ್ಲ ಅಮ್ಮಾವ್ರೇ. ದೇವರಿಗೆ ಊದುಬತ್ತೀನೂ ಹಚ್ಚಿಲ್ಲ. ಮೆಷಿನ್ನು ಸುಳ್ಳು ಹೇಳಲ್ಲ ಅಂತ ಸಾಹೇಬ್ರೇ ಹೇಳವ್ರೆ. ಇನ್ಯಾರು ಹೊಗೆ ಬಿಡ್ತಾವ್ರೋ, ನೀವೇ ನೋಡಿ."

ಯಜಮಾನಿ ನಿಧಾನವಾಗಿ ಗಂಡನ ಕಡೆ ನೋಡಿದರು. ಹೋದ ತಿಂಗಳಷ್ಟೇ ಅವರು ಸಿಗರೇಟು ಬಿಟ್ಟೆನೆಂದು ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ್ದರು.

ಶ್ರೀಕಂಠಯ್ಯನವರು ಅರ್ಧ ಊಟಕ್ಕೇ ಎದ್ದರು. ಟಿವಿ ರಿಮೋಟಿನ ಸೆಲ್ ಕಿತ್ತುಕೊಂಡು ತಾವೇ ಸ್ಟೂಲ್ ಹತ್ತಿದರು. ಸೆಲ್ ಬದಲಾಯಿಸಿದ್ದೇ ತಡ, ಕೂಗು ನಿಂತಿತು.

"ಈ ಮೆಷಿನ್ನುಗಳನ್ನ ನಂಬೋ ಹಾಗೇ ಇಲ್ಲ ಕಣೇ," ಅಂದರು ಹೆಂಡತಿಗೆ.

"ರಾತ್ರಿ ಸಾರಿಗೆ ಒಗ್ಗರಣೆ ಹಾಕ್ಲಾ ಸಾಹೇಬ್ರೇ?" ಪುಟ್ಟತಾಯಮ್ಮ ಕೇಳಿದಳು.

"ಹಾಕು. ಇನ್ನು ಮೇಲೆ ಇಂಗು ಸ್ವಲ್ಪ ಜಾಸ್ತೀನೇ ಇರಲಿ. ಮನೆಯೆಲ್ಲಾ ಅದೇ ವಾಸನೆ ಬರಬೇಕು."