ಯಾರಿಗೂ ಮುಖ ಕೊಡದ ದ್ಯಾಮಣ್ಣ

ಪೆದ್ದರು ಎಲ್ಲ ಊರಲ್ಲೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅವರೆಲ್ಲ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಪೆದ್ದರಾಗುವವರು. ನಮ್ಮ ಮುಂಡರಗಿಯ ದ್ಯಾಮಣ್ಣ ಹಾಗಲ್ಲ ಸ್ವಾಮಿ! ವರ್ಷವಿಡೀ ಪೆದ್ದ, ರಜೆಯಿಲ್ಲದ ಪೆದ್ದ. ಅವನ ಪಕ್ಕ ನಿಲ್ಲಿಸಿದರೆ ಉಳಿದ ಊರಿನ ಪೆದ್ದರೆಲ್ಲ ನಾಳೆಯಿಂದಲೇ ವಕೀಲಿಕೆ ಶುರು ಮಾಡಬಹುದು. ಇಂಥ ಮಾಲು ನಿಮ್ಮ ಊರಲ್ಲಿದ್ದರೆ ತಂದು ತೋರಿಸಿ, ಆಮೇಲೆ ಮಾತಾಡೋಣ.

ದ್ಯಾಮಣ್ಣನ ತಾಯಿ ಫಕೀರವ್ವ. ಕೌದಿ ಹೊಲಿಯುವವಳು. ಅರಿವೆ ಚೂರಿಗೆ ಅರಿವೆ ಚೂರು ಕೂಡಿಸಿ ಅವಳು ಕೌದಿ ಹೊಲಿದರೆ ನಿದ್ದೆ ಬಾರದವರೂ ಗೊರಕೆ ಹೊಡೆಯಬೇಕು, ಹಾಗಿತ್ತು ಕೈಗುಣ. ಮೊಬೈಲ್ ರಿಪೇರಿ ಅಂಗಡಿಯ ರಜಿಯಾ ಅವಳಿಗೆ ಫೋನಿನಲ್ಲಿ ‘ಫಕೀರವ್ವನ ಕೌದಿ’ ಅಂತ ಒಂದು ಪೇಜು ಮಾಡಿಕೊಟ್ಟಿದ್ದಳು. ಫಕೀರವ್ವನಿಗೆ ಫೋಟೋ ಅಂದರೆ ನಾಚಿಕೆ. ಹಾಗಾಗಿ ಪ್ರತಿ ಕೌದಿ ಹೊದ್ದುಕೊಂಡು, ನುಣ್ಣಗೆ ಗಡ್ಡ ಬೋಳಿಸಿಕೊಂಡು, ಹಲ್ಲು ಕಿರಿದು ನಿಂತವನು ದ್ಯಾಮಣ್ಣ. ಪೇಜು ತಾಯಿಯದು, ಮುಖ ಮಗನದು.

ಆ ಪೇಜು ನೋಡಿಯೇ ಬೆಳಗಾವಿಯಿಂದ ಸುಲೋಚನಾಬಾಯಿ ಬರೆದಿದ್ದಳು. ಅವಳದೊಂದು ವಸತಿಗೃಹ. ಎಲ್ಲಾ ಮಂಚಕ್ಕೂ ಒಂದೊಂದು ಕೌದಿ ಬೇಕಂತೆ! ಫಕೀರವ್ವ ಓಣಿಯ ಹೆಂಗಸರನ್ನೆಲ್ಲ ಸೂಜಿ ಹಿಡಿಸಿ ಕೂಡಿಸಿದಳು. ಸುಲೋಚನಾಬಾಯಿ ಒಮ್ಮೆ ಖಚಿತ ಮಾಡಿಬಿಟ್ಟರೆ ಓಣಿಗೆ ಓಣಿಯೇ ಗೆದ್ದಂತೆ. ಆಮೇಲೇನಿದ್ದರೂ ಪೇಜಿನ ಮೇಲೆ ಕಣ್ಣಿಟ್ಟು ಕೂರುವುದಷ್ಟೇ.

ಆದರೆ ಆ ಪೇಜಿನ ಪಾಸ್‌ವರ್ಡ್ ಇದ್ದದ್ದು ದ್ಯಾಮಣ್ಣನ ತಲೆಯಲ್ಲಿ. ರಜಿಯಾ ಅವನಿಗೆ ತಾಕೀತು ಮಾಡಿದ್ದಳು: “ಅಣ್ಣಾ, ಇದನ್ನ ಯಾರಿಗೂ ಹೇಳಬ್ಯಾಡ. ಹೆತ್ತ ತಾಯಿ ಬಂದು ಕೇಳಿದ್ರೂ ಬಾಯಿ ಬಿಡಬ್ಯಾಡ!”

“ಆತು! ಅಂದಂಗ ಮಾಡಾಂವ ನಾನು!” ಅಂದ ದ್ಯಾಮಣ್ಣ, ಎದೆ ತಟ್ಟಿಕೊಂಡ.

ಮರುದಿನ ಪೇಜು ತಾನಾಗಿ ಮುಚ್ಚಿಕೊಂಡು ಪಾಸ್‌ವರ್ಡ್ ಕೇಳಿತು. ಫಕೀರವ್ವ ಮಗನನ್ನು ಕೇಳಿದಳು.

“ಹೇಳಂಗಿಲ್ಲ!”

“ಯಾಕಲೇ? ಬೆಳಗಾವಿ ಬಾಯಿ ಏನರ ಬರದಾಳೋ ಏನೋ, ನೋಡಬೇಕು. ಹೇಳು!”

“ಹೇಳಂಗಿಲ್ಲ!”

“ಅಯ್ಯ, ಹೆತ್ತ ತಾಯಿ ಕೇಳಾಕತ್ತೀನಲೋ!”

“ಹೆತ್ತ ತಾಯಿ ಅಂತನ ಹೇಳಂಗಿಲ್ಲ! ನೀ ಪಕ್ಕದ ಮನಿ ಪಾರವ್ವ ಆಗಿದ್ರ ವಿಚಾರ ಮಾಡ್ತಿದ್ದೆ!”

ಫಕೀರವ್ವ ಹಣೆ ಬಡಿದುಕೊಂಡಳು. ರಜಿಯಾ ಓಡಿಬಂದು, ಪುಸಲಾಯಿಸಿ, ಪೇಜು ತೆರೆಸಬೇಕಾಯಿತು.

“ಲೇ ಹುಚ್ಚಪ್ಪಾ! ಪರರು ಕೇಳಿದ್ರ ಹೇಳಬಾರದು. ನಮ್ಮವರು ಕೇಳಿದ್ರ ಹೇಳಬೇಕು. ತಿಳೀತೋ?” ಅಂದಳು ಫಕೀರವ್ವ.

“ತಿಳೀತು! ಇನ್ಮ್ಯಾಲೆ ಅಂದಂಗ ಮಾಡತೀನಿ!” ಅಂದ, ಎದೆ ತಟ್ಟಿಕೊಂಡ.

ಸಂಜೆಗೆ ಪೇಜಿನಲ್ಲಿ ಯಾರೋ ಬರೆದರು: ‘ನಮಸ್ಕಾರ, ನಿಮ್ಮ ಪೇಜಿಗೆ ಕಂಟಕ ಬಂದಿದೆ. ಕೂಡಲೇ ಪಾಸ್‌ವರ್ಡ್ ಕಳಿಸಿ.’

ದ್ಯಾಮಣ್ಣನೇನು ಅಷ್ಟು ಸುಲಭಕ್ಕೆ ಬೀಳುವವನೇ? ಅವ್ವನ ಮಾತು ನೆನಪಿಗೆ ತಂದುಕೊಂಡ. ಸವಾಲು ಹಾಕಿದ: ‘ಮೊದಲ ಹೇಳ್ರಿ. ನೀವು ಪರರೋ, ನಮ್ಮವರೋ?’

‘ನಾವು ನಿಮ್ಮವರೇ.’

‘ಖರೇನ?’

‘ದೇವರಾಣೆ ನಿಮ್ಮವರೇ.’

ಮತ್ತೇನು ಬೇಕು? ದ್ಯಾಮಣ್ಣ ಪಾಸ್‌ವರ್ಡ್ ಕಳಿಸಿದ. ಅವರು ಓಟಿಪಿ ಕೇಳಿದರು, ಅದನ್ನೂ ಕಳಿಸಿದ. ನಮ್ಮವರಲ್ಲವೇ ಅಂತ ‘ಊಟ ಆತೇನ್ರಿ?’ ಅಂತಲೂ ಕೇಳಿದ. ಅದಕ್ಕೆ ಮಾತ್ರ ಉತ್ತರ ಬರಲಿಲ್ಲ. ಚಹಾ ಕುದಿಯುವಷ್ಟರಲ್ಲಿ ಪೇಜು ಕಳ್ಳನ ಪಾಲಾಗಿ, ‘ಕೌದಿಗಳು ಅರ್ಧ ಬೆಲೆಗೆ, ಮೊದಲು ಹಣ ಹಾಕಿರಿ’ ಅಂತ ಅದರಲ್ಲಿ ಫಲಕ ಬಿತ್ತು.

“ಯಾರಿಗೆ ಕೊಟ್ಟಿಯಲೋ?” ಅಂತ ಫಕೀರವ್ವ ಕೂಗಿದಳು.

“ನಮ್ಮವರಿಗೇ ಕೊಟ್ಟೀನಿ, ಯವ್ವಾ!”

“ಯಾರು ನಮ್ಮವರು?”

“ಅವರ ಹೇಳ್ಯಾರ!”

ಓಣಿಯ ಹೆಂಗಸರ ಕೈಯಲ್ಲಿ ಸೂಜಿ ನಿಂತುಹೋಯಿತು. ಬೆಳಗಾವಿ ಬಾಯಿ ಆ ಕಳ್ಳನಿಗೇ ಹಣ ಹಾಕಿಬಿಟ್ಟರೆ? ಕೌದಿಯೂ ಹೋಯಿತು, ಹೆಸರೂ ಹೋಯಿತು! ರಜಿಯಾ ಪೇಜು ನಡೆಸುವ ಕಂಪನಿಗೆ ದೂರು ಕಳಿಸಿದಳು. ಕಂಪನಿಯಿಂದ ಉತ್ತರ ಬಂತು: ಪೇಜಿನ ಫೋಟೋಗಳಲ್ಲಿ ಇರುವ ಮನುಷ್ಯ ನಾಳೆ ಸಂಜೆಯೊಳಗೆ ಫೋನಿಗೆ ಮುಖ ತೋರಿಸಬೇಕು. ಹೊಂದಿದರೆ ಪೇಜು ವಾಪಸ್ಸು, ಇಲ್ಲದಿದ್ದರೆ ಇಲ್ಲ.

“ಕೇಳಿಲ್ಲಿ, ದ್ಯಾಮ್ಯಾ!” ಅಂದಳು ಫಕೀರವ್ವ. “ಇನ್ಮ್ಯಾಲೆ ನಿಂದು ಅನ್ನೋದು ಏನಿದ್ರೂ ಯಾರಿಗೂ ಕೊಡಬ್ಯಾಡ! ಒಂದು ಬೆರಳೂ ಕೊಡಬ್ಯಾಡ!”

“ಅಂದಂಗ ಮಾಡತೀನಿ!” ಅಂದ, ಎದೆ ತಟ್ಟಿಕೊಂಡ.

ಪೇಜು ಹೋದರೂ ಅರ್ಧಕ್ಕೆ ನಿಂತ ಕೌದಿ ಮುಗಿಯಬೇಕಲ್ಲ? ಮರುದಿನ ಬೆಳಿಗ್ಗೆ ಅರಿವೆ ಚೂರು ತಾ ಅಂತ ಕೈಗೆ ಗೋಣಿಚೀಲ ಕೊಟ್ಟು ಅವನನ್ನು ಊರಾಚೆಯ ಗಾರ್ಮೆಂಟ್ಸಿಗೆ ಅಟ್ಟಿದಳು. ಅಲ್ಲಿ ಬಾಗಿಲಿಗೇ ಒಂದು ಹೊಸ ಯಂತ್ರ. ಕಾವಲುಗಾರ ಹೇಳಿದ:

“ಬೆರಳು ಇದರ ಮ್ಯಾಲೆ ಇಡು.”

“ಕೊಡಂಗಿಲ್ಲ!”

“ಕಡಕೊಂಡು ಕೊಡು ಅಂದೆನೇನೋ? ಅಚ್ಚು ಮೂಡಿದ್ರ ಸಾಕು. ಹೋಗ್ಲಿ, ಮುಖ ತೋರಿಸು.”

“ಅದೂ ನಂದ! ಕೊಡಂಗಿಲ್ಲ!”

ಎರಡೂ ಮುಷ್ಟಿ ಬಿಗಿದ. ಗೋಣಿಚೀಲ ತಲೆಗೆ ಹಾಕಿಕೊಂಡ. ಹಾಗೇ ಧೈರ್ಯವಾಗಿ ಒಳಗೆ ನಡೆದ, ಕಂಬಕ್ಕೆ ಢಿಕ್ಕಿ ಹೊಡೆದ, ಕಂಬಕ್ಕೂ “ಕೊಡಂಗಿಲ್ಲ!” ಅಂದ. ಕಾವಲುಗಾರ ಸೀಟಿ ಊದಿದ. ಜನ ಕಳ್ಳ ಕಳ್ಳ ಅಂತ ಓಡಿಬಂದರು. ಗದ್ದಲ ಕೇಳಿ ಗಾರ್ಮೆಂಟ್ಸಿನ ಮ್ಯಾನೇಜರ್ ಮೇಡಂ ಹೊರಗೆ ಬಂದಳು, ಚೀಲ ತೆಗೆಸಿದಳು. ವಿಷಯ ಕೇಳಿ ಕಾವಲುಗಾರನನ್ನೇ ಗದರಿದಳು.

“ಬೇಡ ಅಂದ್ರೆ ಬಲವಂತ ಯಾಕೆ ಮಾಡ್ತೀಯಾ? ಗುರುತಿನ ಕಾರ್ಡ್ ನೋಡಿ ಒಳಗೆ ಬಿಡು.” ಆಮೇಲೆ ದ್ಯಾಮಣ್ಣನ ಕಡೆ ತಿರುಗಿದಳು. “ನೋಡಪ್ಪಾ, ಪಾಸ್‌ವರ್ಡ್ ಹೋದ್ರೆ ಬೇರೆ ಇಟ್ಕೋಬಹುದು. ಮುಖ ಹೋದ್ರೆ ಬೇರೆ ಎಲ್ಲಿಂದ ತರ್ತೀಯಾ? ಅದಕ್ಕೇ ಯಾರಾದ್ರೂ ನಿನ್ನ ಮುಖಾನೋ ಬೆರಳಚ್ಚನ್ನೋ ಕೇಳಿದ್ರೆ ಚೀಲ ಹಾಕ್ಕೋಬೇಡ, ಬಾಯಿಬಿಟ್ಟು ಕೇಳು. ಯಾಕೆ ಬೇಕು? ಎಷ್ಟು ದಿನ ಇಟ್ಕೋತೀರಿ? ಯಾರಿಗೆ ತೋರಿಸ್ತೀರಿ? ಉತ್ತರ ಸರಿ ಅನ್ನಿಸಿದ್ರೆ ಒಪ್ಪು. ಒಪ್ಪಿದ ಮೇಲೂ ಬೇಡ ಅನ್ನಿಸಿದ್ರೆ ಒಪ್ಪಿಗೆ ವಾಪಸ್ ತಗೋ. ಅದು ನಿನ್ನ ಹಕ್ಕು.”

ಆಹಾ! ಹಕ್ಕು! ದ್ಯಾಮಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿತು. ಮೂರು ಪ್ರಶ್ನೆ ಬಾಯಿಪಾಠ ಮಾಡುತ್ತ ಅಲ್ಲಿಂದಲೇ ಮನೆಗೆ ಓಡಿಬಂದ.

“ಅರಿವೆ ಚೂರು ಎಲ್ಲಿ?” ಅಂದಳು ಫಕೀರವ್ವ.

“ಚೂರು ತಗೊಂಡು ಏನ್ ಮಾಡ್ತಿ, ಯವ್ವಾ? ಹಕ್ಕು ತಂದೀನಿ, ಹಕ್ಕು!”

ಫಕೀರವ್ವ ಕಸಬರಿಗೆ ಎತ್ತಿಕೊಂಡಳು. ಆದರೆ ಹೊಡೆಯಲಿಲ್ಲ. ಮಗನ ಮುಖ ನೋಡಿ ಎತ್ತಿದ ಕೈ ಅಲ್ಲೇ ನಿಂತಿತು. ಮುಖದ ತುಂಬ ಗಡ್ಡ! ಪೇಜಿನ ಫೋಟೋಗಳಲ್ಲಿ ನುಣ್ಣಗೆ, ಎದುರಿಗೆ ಕರಡಿ! ಫೋನು ಇವನ ಗುರುತು ಹಿಡಿಯುವುದಾದರೂ ಹೇಗೆ?

“ಮಲ್ಲೇಶಿ ಅಂಗಡಿಗೆ ಹೋಗು! ಗಡ್ಡ ತಗಸಿಕೊಂಡು ಬಾ! ಮೇಡಂ ಹೇಳಿದ್ದು ಚೊಲೋ ಮಾತು, ಅದನ್ನ ಮರೀಬ್ಯಾಡ. ಆದ್ರ ಈಗ ಓಡು!”

ಮರೆಯುವುದೇ? ದ್ಯಾಮಣ್ಣ ಕಟಿಂಗ್ ಅಂಗಡಿಯ ಕುರ್ಚಿ ಏರಿದ. ಮಲ್ಲೇಶಿ ನೊರೆ ಹಚ್ಚಿ, ಗದ್ದ ಹಿಡಿದು ಮುಖ ಎತ್ತಿದ.

“ತಡಿ!” ಅಂದ ದ್ಯಾಮಣ್ಣ. “ನನ್ನ ಮುಖ ನಿನಗ ಯಾಕ ಬೇಕು?”

“ಕೆರೀಬೇಕಲ್ಲಪಾ!”

“ಎಷ್ಟು ದಿನ ಇಟ್ಕೋತಿ?”

“ನಿನ್ನ ಮುಖ ಇಟ್ಕೊಂಡು ನಾ ಏನು ಉಪ್ಪಿನಕಾಯಿ ಹಾಕ್ಲ್ಯಾ? ನನಗ ನಂದ ಸಾಕಾಗೇತಿ!”

“ಯಾರಿಗೆ ತೋರಸ್ತಿ?”

“ಯಾರಿಗೂ ಇಲ್ಲೋ ಮಾರಾಯಾ, ಸುಮ್ಮ ಕುಂದ್ರು!”

ಉತ್ತರ ಸರಿ ಅನ್ನಿಸಿತು. ಒಪ್ಪಿದ. ಮಲ್ಲೇಶಿ ಎಡಗೆನ್ನೆ ಸ್ವಚ್ಛ ಮಾಡಿ ಬಲಗೆನ್ನೆಗೆ ಕತ್ತಿ ತರಬೇಕು, ಅಷ್ಟರಲ್ಲಿ ದ್ಯಾಮಣ್ಣನ ಕಣ್ಣು ಎದುರಿನ ಕನ್ನಡಿಗೆ ಬಿತ್ತು. ಕನ್ನಡಿಯಲ್ಲಿ ಇವನ ಮುಖ! ಹಿಂದೆ ಬೆಂಚಿನಲ್ಲಿ ಕೂತವರೆಲ್ಲ ಅದನ್ನೇ ನೋಡುತ್ತಿದ್ದಾರೆ!

“ಲೇ ಸುಳ್ಳಾ! ಯಾರಿಗೂ ತೋರಸಂಗಿಲ್ಲ ಅಂದಿ, ಇಡೀ ಊರಿಗೆ ತೋರಸಾಕತ್ತಿ! ಅಳಸು! ಮೊದಲ ಕನ್ನಡ್ಯಾಗಿಂದ ಅಳಸು!”

“ನೀ ಎದ್ದು ಹೋದ್ರ ತಾನ ಅಳಸತೈತೋ!” ಅಂತ ಮಲ್ಲೇಶಿ ರೇಗಿದ.

“ಒಪ್ಪಿಗಿ ವಾಪಸ್ ತಗೊಂಡೆ!” ಅಂದವನೇ ದ್ಯಾಮಣ್ಣ ಹಾರಿ ಇಳಿದ, ಓಡಿದ. ಎಡಗೆನ್ನೆ ನುಣ್ಣಗೆ. ಬಲಗೆನ್ನೆಯಲ್ಲಿ ಗಡ್ಡ, ಗಡ್ಡದ ಮೇಲೆ ನೊರೆ.

ಮನೆಯಲ್ಲಿ ರಜಿಯಾ ಫೋನು ಹಿಡಿದು ಕಾಯುತ್ತಿದ್ದಳು. ಹೊತ್ತು ಇಳಿಯುತ್ತಿತ್ತು. ಮಗನನ್ನು ನೋಡಿದ ಫಕೀರವ್ವ ಅಳಬೇಕೋ ನಗಬೇಕೋ ತಿಳಿಯದೆ ನೆಲಕ್ಕೆ ಕುಸಿದು ಕೂತಳು.

“ಯಪ್ಪಾ ದ್ಯಾಮ್ಯಾ, ಕೈ ಮುಗೀತೀನಿ. ಇವತ್ತೊಂದು ದಿನ ನಿನ್ನ ಬುದ್ಧಿ ಬ್ಯಾಡ, ನನ್ನ ಬುದ್ಧೀನೂ ಬ್ಯಾಡ. ಫೋನ್ ಏನು ಹೇಳತೈತೋ ಅಷ್ಟ ಮಾಡು. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ!”

“ಅಂದಂಗ ಮಾಡತೀನಿ!” ಅಂದ, ಎದೆ ತಟ್ಟಿಕೊಂಡ, ಫೋನಿನ ಮುಂದೆ ಕೂತ.

ಫೋನು ಮೊದಲು ತಾನಾಗಿ ಬರೆದು ತೋರಿಸಿತು: ‘ಈ ವಿಡಿಯೊ ನಿಮ್ಮ ಗುರುತು ನೋಡಲು ಮಾತ್ರ. ಯಾರಿಗೂ ತೋರಿಸುವುದಿಲ್ಲ. ಕೆಲಸ ಮುಗಿದ ಮೇಲೆ ಅಳಿಸುತ್ತೇವೆ. ಒಪ್ಪಿಗೆಯೇ?’

“ಶಹಬ್ಬಾಸ್!” ಅಂದ ದ್ಯಾಮಣ್ಣ. “ನಾ ಕೇಳೂದರಾಗ ಮೂರೂ ಹೇಳಿಬಿಡ್ತಲ್ಲ! ಮಲ್ಲೇಶಿಗಿಂತ ಇದ ಮರ್ಯಾದಸ್ಥ!” ಒಪ್ಪಿಗೆ ಒತ್ತಿದ.

‘ಮುಖವನ್ನು ಮುಚ್ಚಿರುವುದು ಏನಾದರೂ ಇದ್ದರೆ ತೆಗೆಯಿರಿ’ ಅಂದಿತು ಫೋನು. ಕನ್ನಡಕ, ಟೋಪಿ ಇದ್ದರೆ ತೆಗೆಯಲಿ ಅಂತ ಅದರ ಅರ್ಥ. ದ್ಯಾಮಣ್ಣ ಕೆನ್ನೆ ತಡವಿಕೊಂಡ. ಬಲಗೆನ್ನೆ ಮುಚ್ಚಿರುವುದು ಗಡ್ಡ! ಎದ್ದವನೇ ಮಲ್ಲೇಶಿಯ ಅಂಗಡಿಗೆ ಓಡಿದ, “ಫೋನ್ ಹೇಳೇತಿ, ತಗಿ!” ಅಂದ, ಕಣ್ಣು ಮುಚ್ಚಿಕೊಂಡು ಬೋಳಿಸಿಕೊಂಡ, ತಿರುಗಿ ಓಡಿಬಂದು ಕೂತ. ಈಗ ಫೋಟೋದಲ್ಲಿದ್ದ ದ್ಯಾಮಣ್ಣನೇ ಎದ್ದುಬಂದ ಹಾಗಿತ್ತು.

‘ಮುಖ ಎಡಕ್ಕೆ ತಿರುಗಿಸಿ.’ ತಿರುಗಿಸಿದ. ‘ಬಲಕ್ಕೆ ತಿರುಗಿಸಿ.’ ತಿರುಗಿಸಿದ. ‘ನೇರ ನೋಡಿ, ಅಲುಗಾಡಬೇಡಿ.’ ನೊಣ ಬಂದು ಮೂಗಿನ ಮೇಲೆ ಕೂತಿತು, ಸವಾರಿ ಮಾಡಿತು, ಹಾರಿಹೋಯಿತು. ದ್ಯಾಮಣ್ಣ ಅಲುಗಾಡಲಿಲ್ಲ!

ಫೋನಿಗೆ ಹುಟ್ಟಿದಾಗಿನಿಂದ ಇಂಥ ಮನುಷ್ಯ ಸಿಕ್ಕಿರಲಿಲ್ಲ. ಟಿಂಗ್ ಅಂದಿತು. ಪೇಜು ವಾಪಸ್ಸು!

“ಯಾ ಅಲ್ಲಾ!” ಅಂದಳು ರಜಿಯಾ. “ನನ್ನ ಗಿರಾಕಿಗಳು ಹತ್ತು ಸಲ ಮಾಡಿದ್ರೂ ಆಗಂಗಿಲ್ಲ, ಅಣ್ಣ ಒಂದ ಸಲಕ್ಕ ಮುಗಿಸಿಬಿಟ್ಟ!”

ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಸುಲೋಚನಾಬಾಯಿ ಕಳ್ಳನಿಗೆ ಹಣ ಹಾಕಿರಲಿಲ್ಲ. ‘ಯಾವ ಬಣ್ಣ ಅಂತ ನಾಳೆ ಬೆಳಿಗ್ಗೆ ತಿಳಿಸುತ್ತೇನೆ, ಕೂಡಲೇ ಉತ್ತರ ಕೊಟ್ಟರೆ ಕೆಲಸ ನಿಮ್ಮದೇ’ ಅಂತ ಬರೆದಿದ್ದಳು. ಫಕೀರವ್ವ ಮಗನ ಕೆನ್ನೆ ಸವರಿ ಲಟಿಕೆ ಮುರಿದಳು. ಅವನು ಮಾತ್ರ ಕಂಬದ ಹಾಗೆ ಕೂತೇ ಇದ್ದ. ಅಲುಗಾಡಬಹುದು ಅಂತ ಫೋನು ಇನ್ನೂ ಹೇಳಿರಲಿಲ್ಲವಲ್ಲ! ಕೊನೆಗೆ ರಜಿಯಾ ‘ಅಲುಗಾಡಬಹುದು’ ಅಂತ ಫೋನಿನಲ್ಲಿ ಬರೆದು ತೋರಿಸಿದ ಮೇಲೆ ರೊಟ್ಟಿಗೆ ಎದ್ದ.

ಹೊರಡುವಾಗ ರಜಿಯಾ ಹೇಳಿದಳು: “ಅಣ್ಣಾ, ಈ ಫೋನಿಗೆ ಫೇಸ್ ಲಾಕ್ ಹಾಕು. ಅದರಾಗ ಯಾರ ಮುಖ ಇಡ್ತಿ, ಆ ಮುಖ ಕಂಡ್ರ ಮಾತ್ರ ಫೋನ್ ತೆರೀತೈತಿ.”

“ನಿನ್ನ ಮುಖ ಇಡಬ್ಯಾಡ, ಯಪ್ಪಾ!” ಅಂದಳು ಫಕೀರವ್ವ. “ಯಾರು ಎಷ್ಟು ಮರುಳು ಮಾಡಿದ್ರೂ ಬಾಯಿ ಬಿಡದವರು, ಏನು ಕೇಳಿದ್ರೂ ತಲಿ ಕೆಡಿಸಿಕೊಳ್ಳದವರು, ಅಂಥವರ ಮುಖ ಇಡು.” ತನ್ನದನ್ನೇ ಇಡಲಿ ಅಂತ ಅವಳ ಮನಸ್ಸು. ಬಾಯಿಬಿಟ್ಟು ಹೇಳಲು ನಾಚಿಕೆ.

“ಅಂದಂಗ ಮಾಡತೀನಿ!”

ದ್ಯಾಮಣ್ಣ ಫೋನು ಹಿಡಿದು ಓಣಿ ಸುತ್ತಿದ. ಬಾಯಿ ಬಿಡದವರು ಯಾರು? ಅವ್ವನ ಬಾಯಿ ನಿದ್ದೆಯಲ್ಲೂ ನಿಲ್ಲುವುದಿಲ್ಲ. ರಜಿಯಾ ಒಂದು ಕೇಳಿದರೆ ಇಪ್ಪತ್ತು ಹೇಳುತ್ತಾಳೆ. ಮಲ್ಲೇಶಿಯಂತೂ ದೇವರಿಗೇ ಪ್ರೀತಿ! ಹೀಗೆ ನೋಡುತ್ತ ನೋಡುತ್ತ ಊರ ಕೊನೆಯ ಬೇವಿನ ಮರದ ಬುಡಕ್ಕೆ ಬಂದ. ಅಲ್ಲಿ ಒಬ್ಬಳು ಮಲಗಿ ಮೆಲುಕು ಹಾಕುತ್ತಿದ್ದಳು. ಎಮ್ಮೆ.

ದ್ಯಾಮಣ್ಣ ಪರೀಕ್ಷೆ ಮಾಡಿದ. “ಪಾಸ್‌ವರ್ಡ್ ಏನು?” ಎಮ್ಮೆ ಮೆಲುಕು ಹಾಕಿತು. “ನಾವು ನಿಮ್ಮವರೇ!” ಮೆಲುಕು ಹಾಕಿತು. “ಓಟಿಪಿ ಹೇಳ್ತೀಯೋ ಇಲ್ಲೋ?” ಮೆಲುಕು ಹಾಕಿತು. ಇಂಥ ಗಟ್ಟಿ ಮನಸ್ಸಿನ ಹೆಂಗಸನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ! ಕಾನೂನು ಬಿಡಬಾರದು ಅಂತ, ಯಾಕೆ ಬೇಕು, ಎಷ್ಟು ದಿನ, ಯಾರಿಗೆ ಅನ್ನುವುದನ್ನೆಲ್ಲ ಬಿಡಿಸಿ ಹೇಳಿ, “ಒಪ್ಪಿಗಿ ಐತೇನು?” ಅಂದ. ಎಮ್ಮೆ ನೊಣ ಓಡಿಸಲು ತಲೆ ಆಡಿಸಿತು. ಮುಖ ಹಿಡಿದ, ಲಾಕ್ ಹಾಕಿದ, ಸಿಳ್ಳೆ ಹಾಕುತ್ತ ಮನೆಗೆ ಬಂದ.

ಬೆಳಿಗ್ಗೆ ಫೋನು ಟಿಂಗ್ ಟಿಂಗ್ ಅಂತ ಬಡಿದುಕೊಂಡಿತು. ಸುಲೋಚನಾಬಾಯಿ!

“ತೆಗೀಲೇ, ಜಲ್ದಿ ತೆಗಿ!”

“ಒಂದ ನಿಮಿಷ ತಡಿ, ಯವ್ವಾ. ಆಕೀನ ಕರಕೊಂಡು ಬರತೀನಿ.”

“ಯಾವಾಕಿ?”

ಹೇಳಿದ. ಕೇಳಿದ ಫಕೀರವ್ವ ಫೋನು ಕಸಿದುಕೊಂಡು ಬೇವಿನ ಮರಕ್ಕೆ ಓಡಿದಳು, ಹಿಂದೆ ದ್ಯಾಮಣ್ಣ, ಅವನ ಹಿಂದೆ ಸೂಜಿ ಹಿಡಿದ ಓಣಿ. ಎಮ್ಮೆ ಇಲ್ಲ! ಊರ ಎಮ್ಮೆಗಳೆಲ್ಲ ಆಗಲೇ ಕೆರೆಗೆ ಇಳಿದಿದ್ದವು. ಕೆರೆ ತುಂಬ ಮೈ ಮುಳುಗಿಸಿ, ಬರೀ ಮುಖ ಮೇಲಿಟ್ಟುಕೊಂಡು, ಎಲ್ಲವೂ ಒಂದೇ ಥರ ಮೆಲುಕು ಹಾಕುತ್ತಿದ್ದವು.

ಕೌದಿಗಳು ಬೆಳಗಾವಿಗೆ ಹೋದವು, ಆ ಚಿಂತೆ ನಿಮಗೆ ಬೇಡ. ಮಧ್ಯಾಹ್ನದ ಬಿಸಿಲಿಗೆ ಆ ಮುಖ ಸಿಕ್ಕಿತು, ಫೋನು ತೆರೆಯಿತು, ಸುಲೋಚನಾಬಾಯಿಗೆ ಉತ್ತರ ಹೋಯಿತು, ತಡವಾದರೂ ಅವಳು ಒಪ್ಪಿದಳು. ಇವತ್ತಿಗೂ ಇಡೀ ದೇಶದಲ್ಲಿ ಕಳ್ಳ ಮುಟ್ಟಲಾರದ ಪೇಜು ಅಂತಿದ್ದರೆ ಅದು ನಮ್ಮ ಫಕೀರವ್ವನದೊಂದೇ, ಎದೆ ತಟ್ಟಿ ಹೇಳಬಹುದು! ಆದರೆ ಅವತ್ತು ಆ ಮುಖ ಸಿಗುವವರೆಗೆ ದ್ಯಾಮಣ್ಣ ಎದೆಮಟ್ಟದ ನೀರಿನಲ್ಲಿ ಫೋನು ಎತ್ತಿ ಹಿಡಿದು, ಒಂದೊಂದು ಎಮ್ಮೆಯ ಮುಂದೆಯೂ ನಿಂತು, “ಸ್ವಲ್ಪ ಎಡಕ್ಕ ತಿರುಗ್ರಿ... ಸ್ವಲ್ಪ ಬಲಕ್ಕ...” ಅನ್ನುತ್ತಿದ್ದ.

ದಂಡೆಯ ಮೇಲೆ ಫಕೀರವ್ವ ಸೆರಗು ಕಟ್ಟಿ ಕೂಗಿದಳು: “ಯಾರ ಮನಿ ಎಮ್ಮಿಯಲೇ ಅದು? ಹೆಸರರ ಏನು? ಕೇಳಲಿಲ್ಲೇನು?”

ದ್ಯಾಮಣ್ಣ ನೀರಿನ ನಡುವೆ ನಿಂತು ಅವ್ವನನ್ನು ಮರುಕದಿಂದ ನೋಡಿದ.

“ಛೇ, ಹಂಗೆಲ್ಲ ಕೇಳಬಾರದು, ಯವ್ವಾ! ಅದು ಆಕೀ ಖಾಸಗಿ ವಿಚಾರ!”