ಅಲಗು ಮತ್ತು ಅದರ ಅಂಚುಪಟ್ಟಿ

ಕಾರ್ಬನ್ ನಾರನ್ನು ಅಂಟಿನಲ್ಲಿ ಪದರಪದರವಾಗಿ ಒತ್ತಿ ಮಾಡಿದ ಅಲಗೊಂದು ವಿಮಾನದ ಎಂಜಿನ್‌ನ ಫ್ಯಾನಿಗೆಂದು ಸಿದ್ಧವಾಗಿತ್ತು. ತಾನು ಹಗುರ, ಇಂಧನ ಉಳಿಸುವವನು ಎಂದು ಅದಕ್ಕೆ ಬಲು ಹೆಮ್ಮೆ. ತನ್ನ ಮುಂದಿನ ಅಂಚಿಗೆ ತೊಡಿಸಿದ್ದ ಟೈಟಾನಿಯಂ ಪಟ್ಟಿಯನ್ನು ಕಂಡರೆ ಮಾತ್ರ ಅದಕ್ಕೆ ಆಗುತ್ತಿರಲಿಲ್ಲ.

“ಎಲೈ ಲೋಹವೇ, ನನ್ನ ಮೈಮೇಲೆ ದಂಡಪಿಂಡವೆಂದರೆ ನೀನೊಬ್ಬನೇ. ನಿನ್ನನ್ನು ಹೊತ್ತು ಹಾರುವ ಖರ್ಚು ಯಾರಪ್ಪನದು?”

“ಎದುರಿಗೆ ಬಂದದ್ದಕ್ಕೆ ಮೊದಲು ಮೈಯೊಡ್ಡುವವನು ನಾನು, ಸ್ವಾಮಿ.”

“ಇಲ್ಲಿಯವರೆಗೆ ಏನು ಬಂತು?”

“ಏನೂ ಬಂದಿಲ್ಲ.”

“ಹಾಗಾದರೆ ಕೂತು ಉಂಡೆ ಅನ್ನು!”

ಕಾರ್ಖಾನೆಯ ಯಜಮಾನ ಪಕ್ಕದಲ್ಲೇ ನಿಂತಿದ್ದ; ಅವನಿಗೆ ಈ ಲೆಕ್ಕ ಹಿಡಿಸಿತು. ಪಟ್ಟಿಯನ್ನು ಕೀಳಿಸಿ, ಅಲಗನ್ನು ಪರೀಕ್ಷೆಯ ಎಂಜಿನ್‌ಗೆ ಕೂಡಿಸಿದ. ಅಲಗು ಗಿರ್ರನೆ ತಿರುಗಿತು. ಪಟ್ಟಿಯ ಭಾರವಿಲ್ಲದೆ ಮೈ ಹೂವಿನಷ್ಟು ಹಗುರಾಗಿತ್ತು. ತನ್ನ ಜಾಣತನಕ್ಕೆ ತಾನೇ ತಲೆದೂಗಿತು. ಆಗ, ಹಕ್ಕಿ ಬಡಿದರೆ ತಾಳುತ್ತದೆಯೇ ಎಂದು ನೋಡಲು, ಪರೀಕ್ಷಕರು ಸತ್ತ ಕೋಳಿಯೊಂದನ್ನು ಅದರತ್ತ ಹಾರಿಸಿದರು. ಪದರಗಳೆಲ್ಲ ಬಿರಿದು ಅಲಗು ನುಚ್ಚುನೂರಾಯಿತು.

ಗುಡಿಸುವವರು ಪುಕ್ಕವನ್ನೂ ಚೂರುಗಳನ್ನೂ ಒಂದೇ ಬುಟ್ಟಿಗೆ ತುಂಬಿದರು. ಬುಟ್ಟಿಯೊಳಗೆ ಕೋಳಿ ಕೇಳಿತು:

“ಅಯ್ಯಾ, ನಾನಂತೂ ಸತ್ತೇ ಬಂದವಳು. ನಿನಗೇನು ರೋಗ ಬಂದಿತ್ತು?”