ಒಲೆಗೆ ಬೇಕಾದಷ್ಟು

"ಗುರುಗಳೇ, ಆ ಹೊಸಬನನ್ನು ಮಠದಿಂದ ಕಳಿಸಿಬಿಡಬಾರದೇಕೆ?" ಎಂದು ಹಿರಿಯ ಶಿಷ್ಯ ನಿರ್ವಾಣಯ್ಯ ಕೇಳಿದ. ಮಠದಲ್ಲಿ ಯಾರಿಗೆ ಯಾವ ಕೆಲಸವೆಂದು ಹಂಚುವವನು ಅವನೇ. "ಪರವೂರಿನವನು. ಬಂದು ಆರು ತಿಂಗಳಾಯಿತು, ಎಲ್ಲಿ ನೋಡಿದರೂ ಅವನದೇ ದನಿ. ನಮ್ಮವರು ಬಾಯಿ ಬಿಡುವುದನ್ನೇ ಮರೆತಿದ್ದಾರೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ದ್ವೀಪದಲ್ಲಿ ಒಬ್ಬ ವೈದ್ಯನಿದ್ದ. ಮಳೆಗಾಲದ ಜ್ವರಕ್ಕೆ ಆ ಮಣ್ಣಿನದೇ ಒಂದು ಪುಟ್ಟ ಗಿಡದ ಬೇರು ಮದ್ದು. ದ್ವೀಪದ ದೊಡ್ಡ ಮರಗಳೆಲ್ಲ ದೋಣಿಗಳಾಗಿ ಹೋದವು. ಅದರ ಬೆನ್ನಿಗೇ ಯಾವುದೋ ಹಡಗಿನ ಜೊತೆ ಒಂದು ಮುಳ್ಳುಪೊದೆ ಬಂದು ಗುಡ್ಡವನ್ನೆಲ್ಲ ಮುಚ್ಚಿತು. ಬೆಳಕು ಸಿಗದೆ ಮದ್ದಿನ ಗಿಡ ಸೊರಗಿತು. ವೈದ್ಯ ಬೇಸಿಗೆಯಿಡೀ ಹಾರೆ ಹಿಡಿದು ಪೊದೆಯನ್ನು ಬೇರುಸಹಿತ ಕಿತ್ತ.

ಮನೆಯ ಹಿಂದಿನ ಇಳಿಜಾರಿನಲ್ಲಿ ಮಾತ್ರ ಹೆಂಡತಿ ಅಡ್ಡ ನಿಂತಳು. ಅವಳು ದಿನವೂ ಕತ್ತಿ ಹಿಡಿದು ಅಲ್ಲಿಗೆ ಹೋಗಿ, ಒಲೆಗೆ ಬೇಕಾದಷ್ಟು ಕೊಂಬೆ ಕಡಿದು ತರುತ್ತಿದ್ದಳು. ಅಲ್ಲಿ ಪೊದೆ ಸೊಂಟದ ಮೇಲೆ ಏಳುತ್ತಿರಲಿಲ್ಲ.

"ಸೌದೆಯ ಆಸೆಗೆ ಶತ್ರುವನ್ನು ಸಾಕುತ್ತಿದ್ದೀಯಲ್ಲ!" ಎಂದು ವೈದ್ಯ ರೇಗಿದ.

"ಶತ್ರುವೋ ಮಿತ್ರನೋ ನನಗೇನು ಗೊತ್ತು? ಚೆನ್ನಾಗಿ ಉರಿಯುತ್ತೆ ನೋಡಿ," ಎಂದಳು ಅವಳು.

ಮಳೆಗಾಲ ಬಂತು. ದೋಣಿಗಳ ಓಡಾಟ ನಿಂತಿತು. ಹೆಂಡತಿ ಜ್ವರ ಹಿಡಿದು ಮಲಗಿದಳು. ವೈದ್ಯ ತಾನು ಹಸನು ಮಾಡಿದ ಗುಡ್ಡಕ್ಕೆ ಓಡಿದ. ಮದ್ದಿನ ಗಿಡಗಳು ಬಿಸಿಲಿಗೂ ಉಪ್ಪುಗಾಳಿಗೂ ಎಂದೋ ಸುಟ್ಟುಹೋಗಿದ್ದವು. ಬರಿದಾದ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗಿತ್ತು. ಮೂರು ದಿನ ಹುಡುಕಿದರೂ ಒಂದು ಬೇರು ಸಿಗಲಿಲ್ಲ. ಹೆಂಡತಿಗೆ ಮಾತು ನಿಂತಿತು.

ನಾಲ್ಕನೆಯ ಬೆಳಗ್ಗೆ ಗಂಜಿ ಕಾಯಿಸಲು ಹೋದರೆ ಸೌದೆ ಮುಗಿದಿತ್ತು. ಅವಳ ಕತ್ತಿ ಹಿಡಿದು ಮನೆಯ ಹಿಂದೆ ಹೋದ. ಒಂದು ಕೊಂಬೆ ಕಡಿದು ಪಕ್ಕಕ್ಕೆ ಸರಿಸಿದ. ಪೊದೆಯ ಬುಡದಲ್ಲಿ, ಅರೆ ನೆರಳು ಅರೆ ಬೆಳಕಿನಲ್ಲಿ, ಮದ್ದಿನ ಗಿಡಗಳು ಹಸಿರಾಗಿ ನಿಂತಿದ್ದವು.

ಗುರುಗಳು ಕತೆ ನಿಲ್ಲಿಸಿದರು.

"ಹೆಂಡತಿ ಬದುಕಿದಳೇ?" ಎಂದು ನಿರ್ವಾಣಯ್ಯ ಕೇಳಿದ.

"ಬದುಕಿದಳು. ಅಂದಿನಿಂದ ಸೌದೆಗೆ ವೈದ್ಯನೇ ಹೋಗುತ್ತಾನೆ."

"ಹಾಗಾದರೆ ಹೊಸಬ ಇಲ್ಲೇ ಇರಲಿ ಎನ್ನುತ್ತೀರಾ?"

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಈ ಆರು ತಿಂಗಳಲ್ಲಿ ನೀನು ಅವನಿಗೆ ಯಾವ ಕೆಲಸ ಕೊಟ್ಟೆ?"